ಅರ್ಧ ಮೊಬೈಲಿನಲ್ಲಿ, ಅರ್ಧ ಗದ್ದೆಯಲ್ಲಿ

ಪಿಯುಸಿ ಫಲಿತಾಂಶ ಬಂದ ಬೆನ್ನಿಗೇ ಮೊಬೈಲುಗಳಲ್ಲಿ ಒಂದು ಬಗೆಯ ಜಾಹೀರಾತು ಓಡಾಡಲು ಶುರುವಾಗುತ್ತದೆ. ಮನೆಯಲ್ಲೇ ಕುಳಿತು ಕೃಷಿ ಪದವಿ ಪಡೆಯಿರಿ, ಕಾಲೇಜಿಗೆ ಅಲೆಯಬೇಕಿಲ್ಲ, ಕಂತಿನಲ್ಲಿ ಫೀಜು ಕಟ್ಟಬಹುದು ಎಂಬ ಮಾತುಗಳು ಅದರಲ್ಲಿರುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಇಂಥದ್ದನ್ನು ಎರಡೆರಡು ಸಲ ಓದುವವರು ಕಡಿಮೆಯೇನಿಲ್ಲ. ಮಗ ಮನೆಯಲ್ಲೇ ಇದ್ದು ನಾಟಿಗೂ ಆದಾನು, ಕೈಗೆ ಪದವಿಯೂ ಬಂದೀತು ಎನ್ನುವ ಆಸೆ ಯಾವ ರೈತ ಕುಟುಂಬಕ್ಕಾದರೂ ಸಹಜವೇ. ಆದ್ದರಿಂದ ಮೊದಲು ಕಾನೂನು ಏನಿದೆ ಎಂಬುದನ್ನು ಬಿಚ್ಚಿ ಹೇಳಬೇಕು. ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಈ ವಿಧಾನದಲ್ಲಿ ಕಲಿಸಬಾರದ ವಿಷಯಗಳ ಪಟ್ಟಿಯೊಂದಿದೆ. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್, ಕಾನೂನಿನ ಜೊತೆಗೆ ಕೃಷಿ ಮತ್ತು ತೋಟಗಾರಿಕೆಯೂ ಆ ಪಟ್ಟಿಯಲ್ಲಿವೆ. ಅಂದಮೇಲೆ, ಪೂರ್ತಿ ಆನ್‌ಲೈನಿನಲ್ಲಿ ಕೃಷಿ ಪದವಿ ಕೊಡುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟಿದರೆ ಕೃಷಿ ಇಲಾಖೆಯ ನೇಮಕಾತಿಯಲ್ಲಾಗಲೀ ಎಂ.ಎಸ್ಸಿ. ಪ್ರವೇಶದಲ್ಲಾಗಲೀ ಆ ಪತ್ರ ಕೆಲಸಕ್ಕೆ ಬರುವುದಿಲ್ಲ.

ಈ ನಿಷೇಧ ಸರಿಯೇ? ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ಮಾತ್ರ ಒಂದು ದೊಡ್ಡ ತಪ್ಪು ಎಣಿಕೆ ಅಡಗಿದೆ. ಕೃಷಿಯ ಪ್ರಾಯೋಗಿಕ ಕಲಿಕೆ ನಡೆಯುವುದು ಕಾಲೇಜಿನಲ್ಲಿ, ಮನೆಯಲ್ಲಿ ಉಳಿದವನ ಎದುರು ಇರುವುದು ಪರದೆ ಮಾತ್ರ ಎಂದು ಈ ನಿಯಮ ಅಂದುಕೊಂಡಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಹುಡುಗನ ವಿಷಯದಲ್ಲಿ ಅದು ನಿಜ. ಮಳವಳ್ಳಿಯ ಕೊನೆ ಭಾಗದ ನಾಲೆ ಬದಿಯಲ್ಲಿ ಎರಡು ಎಕರೆ ಭತ್ತ, ಅರ್ಧ ಎಕರೆ ಹಿಪ್ಪುನೇರಳೆ, ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು ಇಟ್ಟುಕೊಂಡಿರುವ ಮನೆಯ ಹುಡುಗಿಯ ವಿಷಯದಲ್ಲಿ ಅದು ತಲೆಕೆಳಗು. ಅವಳ ಬಳಿ ಗದ್ದೆಯಿದೆ. ಇಲ್ಲದ್ದು ಪಾಠ, ಪ್ರಯೋಗಾಲಯ ಮತ್ತು ಪರೀಕ್ಷೆ. ಈ ಮೂರರಲ್ಲಿ ಪಾಠವನ್ನು ಮೊಬೈಲು ತಲುಪಿಸಬಲ್ಲದು, ಉಳಿದೆರಡನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್ ಕೊಡಬಲ್ಲದು. ನನ್ನ ವಾದ ಇಷ್ಟೇ: ಪೂರ್ತಿ ಆನ್‌ಲೈನ್ ಕೃಷಿ ಪದವಿಗೆ ಬಾಗಿಲು ಮುಚ್ಚಿಯೇ ಇರಲಿ. ಆದರೆ ಬೇಸಾಯ ಬಿಡದೆ ಓದುವವರಿಗಾಗಿ ಸಿದ್ಧಾಂತ ಮೊಬೈಲಿನಲ್ಲೂ ಪ್ರಯೋಗ ಸಂಶೋಧನಾ ಕೇಂದ್ರದಲ್ಲೂ ಸ್ವಂತ ಜಮೀನಿನಲ್ಲೂ ನಡೆಯುವ ಒಂದು ಪದವಿಯನ್ನು ಕೃಷಿ ವಿಶ್ವವಿದ್ಯಾಲಯವೇ ರೂಪಿಸಬೇಕು, ಮತ್ತು ಅದನ್ನು ಮೊದಲು ಮಾಡಿ ನೋಡಲು ಮಂಡ್ಯದಷ್ಟು ತಕ್ಕ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ.

ನಿಷೇಧದ ಪರವಾಗಿ ಹೇಳಬೇಕಾದ್ದನ್ನು ಪೂರ್ತಿಯಾಗಿ ಹೇಳಿಬಿಡೋಣ, ಅದಕ್ಕೆ ವಿ.ಸಿ. ಫಾರ್ಮ್‌ನ ಚರಿತ್ರೆಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಕನ್ನಂಬಾಡಿ ಕಟ್ಟೆಯಿಂದ ನಾಲೆಯ ನೀರು ಮಂಡ್ಯದ ಕಡೆ ಹರಿಯುವ ಕಾಲಕ್ಕೆ, 1930ರ ದಶಕದ ಆರಂಭದಲ್ಲಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ ಅವರ ಮುಂದಾಳತ್ವದಲ್ಲಿ ಶುರುವಾದ ಕೇಂದ್ರವಿದು. ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ಜನ ಏಕಾಏಕಿ ನೀರಾವರಿಗೆ ಬಂದಾಗ ಏನು ಬೆಳೆಯಬೇಕು, ಎಷ್ಟು ನೀರು ಕೊಡಬೇಕು ಎಂಬುದನ್ನು ಮಾಡಿಯೇ ತಿಳಿಯಬೇಕಿತ್ತು. ಸಿ.ಎಚ್. ಲಕ್ಷ್ಮಣಯ್ಯನವರು, ಅಂದರೆ ನಾಡು ಕರೆಯುವ ರಾಗಿ ಲಕ್ಷ್ಮಣಯ್ಯ, ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಈ ನೆಲದಲ್ಲೇ. ರಾಗಿಯ ಹೂ ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಚಿಕ್ಕದು. ಗಂಡು ಹೆಣ್ಣು ಎರಡೂ ಅದರೊಳಗೇ ಇರುತ್ತವೆ. ಅದು ಅರಳುವುದು ಬೆಳಗಿನ ಜಾವ, ಊರು ಮಲಗಿರುವಾಗ, ಮತ್ತು ಅರಳಿದ ಕೂಡಲೇ ತನ್ನ ಪರಾಗದಿಂದಲೇ ಕಾಳು ಕಟ್ಟಲು ಹೊರಡುತ್ತದೆ. ಅಂಥ ಬೆಳೆಯಲ್ಲಿ ಸಂಕರ ಮಾಡುವುದನ್ನು ಯಾವ ವಿಡಿಯೊ ಕಲಿಸೀತು? ಎಂ. ಮಹದೇವಪ್ಪನವರು ಇಲ್ಲಿ ಕಟ್ಟಿ ಬೆಳೆಸಿದ ಹೈಬ್ರಿಡ್ ಭತ್ತದ ಕೆಲಸವೂ ಹಾಗೆಯೇ. 1996ರಲ್ಲಿ ಬಿಡುಗಡೆಯಾದ ಕೆಆರ್‌ಎಚ್-2 ತಳಿಯ ಬೀಜ ಮಾಡುವ ಗದ್ದೆಗೆ ಹೋಗಿ ನೋಡಿದರೆ ಎಂಟು ಸಾಲು ಹೆಣ್ಣು ಪೈರು, ಎರಡು ಸಾಲು ಗಂಡು ಪೈರು ಎಂಬ ಲೆಕ್ಕದಲ್ಲಿ ನಾಟಿಯಾಗಿರುತ್ತದೆ. ಎರಡೂ ಒಂದೇ ಹೊತ್ತಿಗೆ ಹೂ ಬಿಡುವಂತೆ ಒಟ್ಟಲು ಹಾಕುವ ದಿನಗಳನ್ನೇ ಹಿಂದುಮುಂದು ಮಾಡಿರಬೇಕು. ತೆನೆ ಸರಿಯಾಗಿ ಹೊರಬರಲೆಂದು ಜಿಬ್ಬರೆಲಿಕ್ ಆಮ್ಲ ಸಿಂಪಡಿಸುತ್ತಾರೆ. ಹೂ ಬಾಯಿಬಿಡುವ ಮುಂಜಾನೆ ಕಳೆದ ಹೊತ್ತಿನಲ್ಲಿ ಇಬ್ಬರು ಎರಡು ಬದುವಿನ ಮೇಲೆ ನಿಂತು ಪೈರಿನ ಮೇಲೆ ಹಗ್ಗ ಎಳೆಯುತ್ತಾರೆ, ಗಂಡು ಸಾಲಿನ ಪರಾಗ ಹಳದಿ ಹೊಗೆಯಂತೆ ಎದ್ದು ಹೆಣ್ಣು ಸಾಲಿನ ಮೇಲೆ ಕೂರುತ್ತದೆ. ಒಂದು ಗಂಟೆ ತಡವಾದರೆ ಆ ದಿನದ ಹೂ ಹೋದಂತೆ. ಇದನ್ನೆಲ್ಲ ಮಾಡದೆ ಕೃಷಿ ಪದವೀಧರ ಎನ್ನಿಸಿಕೊಂಡವನು ರೈತನ ಮುಂದೆ ನಿಲ್ಲಲಾರ. ನಿಷೇಧದ ಹಿಂದಿನ ಕಾಳಜಿ ಇದೇ ಆಗಿದ್ದರೆ ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ಆದರೆ ಈ ಕಾಳಜಿಯ ನೆರಳಿನಲ್ಲಿ ಯಾರು ಹೊರಗುಳಿದಿದ್ದಾರೆ ಎಂಬುದನ್ನೂ ನೋಡಬೇಕು. ವಿ.ಸಿ. ಫಾರ್ಮ್‌ನಲ್ಲಿ 1991ರಿಂದ ಕೃಷಿ ಕಾಲೇಜು ಇದೆ. ಸಿಇಟಿ ಬರೆದು, ರ‍್ಯಾಂಕ್ ಪಡೆದು, ನಾಲ್ಕು ವರ್ಷ, ಎಂಟು ಸೆಮಿಸ್ಟರ್ ಪೂರ್ಣಾವಧಿ ಓದಬಲ್ಲವರಿಗೆ ಅದು ಒಳ್ಳೆಯ ದಾರಿ. ರೈತರ ಮಕ್ಕಳಿಗೆ ಮೀಸಲಿಟ್ಟ ಸೀಟುಗಳ ಪಾಲನ್ನು ಶೇ 40ರಿಂದ ಶೇ 50ಕ್ಕೆ ಏರಿಸಿದ್ದೂ ಒಳ್ಳೆಯದೇ. ಆ ಮೀಸಲಾತಿಯಲ್ಲಿ ಒಂದು ಅರ್ಥಪೂರ್ಣ ಕ್ರಮವಿದೆ: ಅಭ್ಯರ್ಥಿಯನ್ನು ಕರೆದು ಬೀಜ, ಗೊಬ್ಬರ, ಸಲಕರಣೆಗಳನ್ನು ಮುಂದಿಟ್ಟು ಗುರುತಿಸಲು ಹೇಳುವ ಪ್ರಾಯೋಗಿಕ ಪರೀಕ್ಷೆ. ಬೇಸಾಯದ ಮನೆಯಲ್ಲಿ ಬೆಳೆದ ಮಗುವಿಗೆ ಕಾಲೇಜಿಗೆ ಬರುವ ಮೊದಲೇ ಒಂದಷ್ಟು ತಿಳಿವಳಿಕೆ ಇರುತ್ತದೆ, ಅದಕ್ಕೆ ಅಂಕ ಕೊಡಬಹುದು ಎಂದು ಸರ್ಕಾರವೇ ಈ ಪರೀಕ್ಷೆಯ ಮೂಲಕ ಒಪ್ಪಿಕೊಂಡಿದೆ. ಪ್ರವೇಶದ ದಿನ ಬೆಲೆ ಪಡೆದ ಆ ತಿಳಿವಳಿಕೆಗೆ ಮರುದಿನದಿಂದ ಯಾವ ಲೆಕ್ಕವೂ ಇಲ್ಲ. ಇನ್ನು ಸೀಟು ಸಿಗದವರು, ಸಿಕ್ಕರೂ ಅಪ್ಪನಿಗೆ ಹುಷಾರಿಲ್ಲವೆಂದು ಊರಲ್ಲೇ ಉಳಿದವರು, ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದ್ದರಿಂದ ಅರ್ಜಿಯನ್ನೇ ಹಾಕಲಾಗದವರು, ಪಿಯುಸಿ ಮುಗಿಯುತ್ತಿದ್ದಂತೆ ಮದುವೆಯಾದ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ನಾಳೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಜಮೀನು ಉಳುವವರು ಇವರೇ. ಕಾಲೇಜು ಮುಗಿಸಿದವರಲ್ಲಿ ಬಹುಪಾಲು ಜನ ಬ್ಯಾಂಕು, ಕಂಪನಿ, ಇಲಾಖೆ, ಉನ್ನತ ವ್ಯಾಸಂಗ ಎಂದು ಹೊರಗೆ ಹೋಗುತ್ತಾರೆ; ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನೆಲದ ಮೇಲೆ ಉಳಿದವರಿಗೆ ನೆಲದ ವಿಜ್ಞಾನವನ್ನು ಓದುವ ಹಕ್ಕಿಲ್ಲ ಎಂಬಂಥ ಏರ್ಪಾಡನ್ನು ಒಪ್ಪಿಕೊಂಡು ಸುಮ್ಮನಿರುವುದು ಹೇಗೆ?

ಅವರಿಗೆ ಬೇಸಾಯ ಗೊತ್ತೇ ಇದೆಯಲ್ಲ, ಓದು ಏಕೆ ಎನ್ನುವವರಿಗೆ ಮೂರು ನಿದರ್ಶನ ಕೊಡುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೆ ಭಾಗ ತಲುಪುವುದು ತಡವಾಗಿ, ಕೆಲವು ವರ್ಷ ತೀರಾ ತಡವಾಗಿ. ನಾಟಿ ಹಿಂದೆ ಬಿದ್ದರೆ ದೀರ್ಘಾವಧಿ ತಳಿ ಹೂ ಬಿಡುವ ಹೊತ್ತಿಗೆ ಚಳಿ ಇಳಿದಿರುತ್ತದೆ, ಪರಾಗ ಸರಿಯಾಗಿ ಕೂಡದೆ ತೆನೆ ಜೊಳ್ಳಾಗುತ್ತದೆ, ಬೆಂಕಿರೋಗವೂ ಜೊತೆಗೂಡುತ್ತದೆ. ಪ್ರತಿ ವರ್ಷ ಹಾಕುವ ತಳಿಯನ್ನೇ ಹಾಕಬೇಕೋ, ಅಲ್ಪಾವಧಿ ತಳಿಗೆ ಹೊರಳಬೇಕೋ, ಭತ್ತ ಬಿಟ್ಟು ರಾಗಿ ಹಾಕಬೇಕೋ ಎಂಬ ತೀರ್ಮಾನ ಒಂದೇ ವಾರದಲ್ಲಿ ಆಗಬೇಕು. ಸಸ್ಯಶರೀರಶಾಸ್ತ್ರದ ಒಂದು ಅಧ್ಯಾಯ ಓದಿದವಳು ಆ ತೀರ್ಮಾನವನ್ನು ಕಾರಣ ಗೊತ್ತಿದ್ದು ಮಾಡುತ್ತಾಳೆ. ಯೂರಿಯಾ ವಿಷಯವೂ ಅಂಥದ್ದೇ. ನಿಂತ ನೀರಿಗೆ ಎರಚಿದ ಯೂರಿಯಾದಲ್ಲಿ ಒಂದು ಪಾಲು ಬಿಸಿಲು ಗಾಳಿಗೆ ಅಮೋನಿಯ ಆಗಿ ಹಾರಿಹೋಗುತ್ತದೆ; ಇನ್ನೊಂದು ಪಾಲು ನೈಟ್ರೇಟ್ ಆಗಿ ಕೆಳಗಿನ ಗಾಳಿಯಾಡದ ಪದರಕ್ಕಿಳಿದು ಸಾರಜನಕ ಅನಿಲವಾಗಿ ಕಳೆದುಹೋಗುತ್ತದೆ. ನೀರು ಬಸಿದು, ಮೇಲುಗೊಬ್ಬರ ಕೊಟ್ಟು, ಕಳೆ ತೆಗೆಯುವಾಗ ಮಣ್ಣಿಗೆ ಸೇರಿಸಿ, ಮರುದಿನ ನೀರು ಕಟ್ಟಬೇಕು ಎಂದು ಎಲ್ಲ ಕರಪತ್ರಗಳೂ ಹೇಳುತ್ತವೆ. ಏಕೆ ಎಂಬುದು ತಿಳಿಯದವನು ಪೈರು ಹಸಿರೇರಲಿಲ್ಲವೆಂದು ಇನ್ನೊಂದು ಮೂಟೆ ತರುತ್ತಾನೆ, ಆ ಹೆಚ್ಚುವರಿ ಸಾರಜನಕ ಕಂದು ಜಿಗಿಹುಳುವನ್ನು ಕರೆತರುತ್ತದೆ, ಆಮೇಲೆ ಔಷಧಿ ಅಂಗಡಿಯ ಖರ್ಚು.

ಎಳನೀರಿನ ಮಾರುಕಟ್ಟೆಗೆ ದೇಶದಲ್ಲೇ ಹೆಸರಾದ ಮದ್ದೂರಿನಲ್ಲಿ ತೆಂಗಿನ ಕಪ್ಪುತಲೆ ಹುಳು ಏನು ಮಾಡುತ್ತದೆ ಎಂಬುದನ್ನು ಯಾವ ತೋಟದವರೂ ಬಲ್ಲರು. ಗರಿಯ ಅಡಿಭಾಗದಲ್ಲಿ ತನ್ನ ಹಿಕ್ಕೆ ಮತ್ತು ನೂಲಿನಿಂದ ಗೂಡು ಹೆಣೆದುಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ, ದೂರದಿಂದ ನೋಡಿದರೆ ಮರ ಸುಟ್ಟಂತೆ ಕಾಣುತ್ತದೆ. ಅದಕ್ಕೆ ಮದ್ದಾಗಿ ಗೋನಿಯೋಜಸ್ ಎಂಬ ಇರುವೆಯಷ್ಟು ಗಾತ್ರದ ಕಪ್ಪು ಕಣಜವನ್ನು ತೋಟಗಾರಿಕೆ ಇಲಾಖೆ ಪ್ರಯೋಗಾಲಯದಲ್ಲಿ ಬೆಳೆಸಿ ಕೊಡುತ್ತದೆ. ಕಣಜ ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಆದರೆ ಇದು ಫಲಿಸುವುದು ಹುಳು ಒಂದಿಷ್ಟು ಬಲಿತ ಹಂತದಲ್ಲಿರುವಾಗ. ಮೊಟ್ಟೆಯ ಹಂತದಲ್ಲಿ ಬಿಟ್ಟರೆ, ಕೋಶವಾದ ಮೇಲೆ ಬಿಟ್ಟರೆ, ಅಥವಾ ಹಿಂದಿನ ವಾರವಷ್ಟೇ ಕೀಟನಾಶಕ ಹೊಡೆದ ಮರಕ್ಕೆ ಬಿಟ್ಟರೆ ಎಲ್ಲವೂ ವ್ಯರ್ಥ. ಒಂದು ಗರಿ ಕತ್ತರಿಸಿ ತಂದು ಹುಳು ಯಾವ ಹಂತದಲ್ಲಿದೆ ಎಂದು ನೋಡಿ ಹೇಳಬಲ್ಲ ಒಬ್ಬ ವ್ಯಕ್ತಿ ಪ್ರತಿ ಊರಿನಲ್ಲೂ ಇದ್ದರೆ ಎಷ್ಟು ತೋಟ ಉಳಿದೀತು. ಹೋಬಳಿಗೊಂದರಂತೆ 2000ದಲ್ಲಿ ಆರಂಭವಾದ ರೈತ ಸಂಪರ್ಕ ಕೇಂದ್ರಗಳ ಬೆರಳೆಣಿಕೆಯ ಸಿಬ್ಬಂದಿ ಪ್ರತಿ ಮರದ ಬುಡಕ್ಕೂ ಹೋಗಲಾರರು. ಆ ವ್ಯಕ್ತಿ ಊರಿನವರೇ ಆಗಬೇಕು.

ಈಗ ಪಠ್ಯಕ್ರಮದತ್ತ ಬರೋಣ. ಕೃಷಿ ಕಾಲೇಜಿನಲ್ಲಿ ಓದಿದ ಯಾರನ್ನೇ ಕೇಳಿ, ಪ್ರತಿ ವಿಷಯದ ಮುಂದೆ ಟೂ ಪ್ಲಸ್ ಒನ್, ಒನ್ ಪ್ಲಸ್ ಒನ್ ಎಂದು ಬರೆದಿರುತ್ತದೆ ಎನ್ನುತ್ತಾರೆ. ಮೊದಲ ಅಂಕಿ ಸಿದ್ಧಾಂತದ ಕ್ರೆಡಿಟ್, ಎರಡನೆಯದು ಪ್ರಾಯೋಗಿಕದ್ದು. ಪದವಿಯನ್ನು ಹೀಗೆ ಸೀಳಿ ಇಟ್ಟದ್ದು ನಾನಲ್ಲ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಪಠ್ಯಕ್ರಮವೇ. ಮೊದಲ ಅಂಕಿಯನ್ನು ಕೋಣೆಯಲ್ಲಿ ಕುಳಿತು ಕೇಳಿದರೂ ಕೊಟ್ಟಿಗೆಯಲ್ಲಿ ಹಾಲು ಕರೆದು ಬಂದು ರಾತ್ರಿ ಮೊಬೈಲಿನಲ್ಲಿ ಕೇಳಿದರೂ ವಿಷಯ ಅದೇ. ಕೋವಿಡ್ ಕಾಲದಲ್ಲಿ ಕೃಷಿ ವಿಶ್ವವಿದ್ಯಾಲಯಗಳೇ ಇದನ್ನು ಮಾಡಿ ತೋರಿಸಿದವು. ತರಗತಿಗಳು ಆನ್‌ಲೈನಿಗೆ ಹೋದವು. ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ಮಾಡಬೇಕಾದ ಗ್ರಾಮೀಣ ಕೃಷಿ ಕಾರ್ಯಾನುಭವವನ್ನು ದೇಶದ ಹಲವು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಸ್ವಂತ ಊರಿನಲ್ಲೇ ಮುಗಿಸಲು ಬಿಟ್ಟವು. ಆ ತಂಡಗಳು ಪಡೆದ ಪದವಿಯನ್ನು ಯಾರೂ ಅಮಾನ್ಯ ಎನ್ನಲಿಲ್ಲ, ಎನ್ನಬಾರದು ಕೂಡ. ತುರ್ತಿನಲ್ಲಿ ಒಪ್ಪಿದ್ದನ್ನು ಯೋಜನೆ ಮಾಡಿ, ಇನ್ನಷ್ಟು ಬಿಗಿಯಾಗಿ ಮಾಡಬಾರದೇಕೆ?

ಹೇಗೆ ಎಂಬುದನ್ನೂ ಹೇಳಬೇಕಾಗುತ್ತದೆ. ನಾಲ್ಕು ವರ್ಷದ ಪದವಿ ಇಲ್ಲಿ ಆರು ವರ್ಷವಾಗಲಿ. ಸಿದ್ಧಾಂತದ ಪಾಠಗಳು ಕನ್ನಡದಲ್ಲಿ, ಆಡಿಯೊ, ವಿಡಿಯೊ, ಮುದ್ರಿತ ಪುಸ್ತಕ ಮೂರೂ ರೂಪದಲ್ಲಿ ಬರಲಿ. ಪ್ರಯೋಗಾಲಯದ ಕೆಲಸ ವಿ.ಸಿ. ಫಾರ್ಮ್‌ನಲ್ಲಿ, ವಾರಗಳ ಲೆಕ್ಕದಲ್ಲಿ ನಡೆಯಲಿ. ಸಂಕ್ರಾಂತಿಯಿಂದ ಯುಗಾದಿವರೆಗೆ ಭತ್ತದ ಮನೆಗಳಿಗೆ ಕೊಂಚ ಬಿಡುವಿರುತ್ತದೆ. ಆದರೆ ದಿನಕ್ಕೆರಡು ಸಲ ಡೇರಿಗೆ ಹಾಲು ಹಾಕುವವರಿಗೆ, ರೇಷ್ಮೆ ಹುಳು ಸಾಕುವವರಿಗೆ ಯಾವ ತಿಂಗಳೂ ಬಿಡುವಲ್ಲ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಮನೆಯಿಂದ ಒಬ್ಬರೂ ಕದಲಲಾಗದು. ಆದ್ದರಿಂದ ಒಂದೇ ತಿಂಗಳ ಶಿಬಿರಕ್ಕಿಂತ ವರ್ಷಕ್ಕೆ ಐದಾರು ಬಾರಿ ಒಂದೊಂದು ವಾರ, ಯಾವ ವಾರ ಬರುತ್ತೇನೆಂದು ಆರಿಸಿಕೊಳ್ಳುವ ಅವಕಾಶದೊಂದಿಗೆ ಇರುವುದು ಒಳ್ಳೆಯದು. ಹಾಸ್ಟೆಲ್ ಬೇಕು, ಕೈಗೂಸಿನೊಂದಿಗೆ ಬರುವ ತಾಯಂದಿರಿಗೆ ಒಂದು ಕೋಣೆ ಬೇಕು. ನಡುವಿನ ತಿಂಗಳುಗಳಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರ ಕಲಿಕಾ ಕೇಂದ್ರವಾಗಲಿ. ಅಧ್ಯಾಪಕರು ತಿಂಗಳಿಗೊಮ್ಮೆ ವಿದ್ಯಾರ್ಥಿಯ ಜಮೀನಿಗೆ ಬಂದು ನೋಡಿ ಅಂಕ ಕೊಡಲಿ. ಪರೀಕ್ಷೆ ಮಾತ್ರ ಕಾಲೇಜಿನ ವಿದ್ಯಾರ್ಥಿ ಬರೆಯುವ ಅದೇ ಪ್ರಶ್ನೆಪತ್ರಿಕೆ, ಅದೇ ದಿನ, ಅದೇ ಕೊಠಡಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ತೂಕದ್ದು ವಿಜ್ಞಾನಿಗಳದ್ದು. ಅನುಭವವೇ ಬೇರೆ, ಪ್ರಯೋಗವೇ ಬೇರೆ ಎನ್ನುತ್ತಾರೆ ಅವರು. ಇಪ್ಪತ್ತು ವರ್ಷ ಭತ್ತ ಬೆಳೆದವನು ಒಂದೇ ತಪ್ಪನ್ನು ಇಪ್ಪತ್ತು ಸಲ ಮಾಡಿರಬಹುದು. ಮನೆಯ ಗದ್ದೆಯಲ್ಲಿ ಹೋಲಿಸಿ ನೋಡಲು ಏನೂ ಇರುವುದಿಲ್ಲ, ದಾಖಲೆ ಇರುವುದಿಲ್ಲ. ಈ ಮಾತು ನಿಜ. ಅದಕ್ಕೇ ಸ್ವಂತ ಜಮೀನಿನಲ್ಲಿ ಬೇಸಾಯ ಮಾಡಿದ್ದಕ್ಕೆ ಕ್ರೆಡಿಟ್ ಕೊಡಿ ಎಂದು ನಾನು ಕೇಳುತ್ತಿಲ್ಲ, ಸ್ವಂತ ಜಮೀನಿನಲ್ಲಿ ಪ್ರಯೋಗ ಮಾಡಿದ್ದಕ್ಕೆ ಕೊಡಿ ಎನ್ನುತ್ತಿದ್ದೇನೆ. ಎರಡು ಮೂರು ಗುಂಟೆ ಜಾಗವನ್ನು ಸಣ್ಣ ಮಡಿಗಳಾಗಿ ಮಾಡಿ, ಮಣ್ಣು ಪರೀಕ್ಷೆ ಮಾಡಿಸಿ, ಕೆಲವು ಮಡಿಗೆ ಶಿಫಾರಸಿನ ಗೊಬ್ಬರ, ಕೆಲವಕ್ಕೆ ಮನೆಯ ರೂಢಿಯ ಗೊಬ್ಬರ, ಕೆಲವಕ್ಕೆ ಏನೂ ಇಲ್ಲ. ಯಾವ ಮಡಿಗೆ ಯಾವುದೆಂದು ಚೀಟಿ ಎತ್ತಿ ತೀರ್ಮಾನ. ತೆಂಡೆ ಎಣಿಕೆ, ಇಳುವರಿ ತೂಕ, ಖರ್ಚಿನ ಲೆಕ್ಕ ಎಲ್ಲವೂ ಪುಸ್ತಕದಲ್ಲಿ. ಆ ಫಲಿತಾಂಶವನ್ನು ಅಧ್ಯಾಪಕರ ಮುಂದಿಟ್ಟು ಸಂಖ್ಯಾಶಾಸ್ತ್ರದ ಪಾಠವನ್ನು ಅದರ ಮೇಲೇ ಕಲಿಯಬಹುದು. ಇದರಿಂದ ವಿ.ಸಿ. ಫಾರ್ಮ್‌ಗೂ ಲಾಭವಿದೆ. ನಾಲೆಯ ತಲೆ ಭಾಗದ ಫಲವತ್ತು ಮಣ್ಣು, ಕೊನೆ ಭಾಗದ ನೀರಿನ ಕೊರತೆ, ನಡುವೆ ಅತಿಯಾಗಿ ನೀರು ಕಟ್ಟಿ ಜೌಗು ಹಿಡಿದ, ಚೌಳೆದ್ದ ಗದ್ದೆಗಳು ಎಲ್ಲವೂ ಒಂದೇ ಜಿಲ್ಲೆಯಲ್ಲಿವೆ. ಒಂದು ಕೇಂದ್ರದ ಆವರಣದೊಳಗೆ ಮಾಡಿದ ಪ್ರಯೋಗ ಇಷ್ಟೆಲ್ಲ ಬಗೆಯ ನೆಲದ ಬಗ್ಗೆ ಹೇಳಲಾರದು. ನೂರು ವಿದ್ಯಾರ್ಥಿಗಳ ನೂರು ಜಮೀನಿನ ದಾಖಲೆ ಹೇಳಬಲ್ಲದು.

ಎರಡನೆಯ ಆಕ್ಷೇಪ ಮೋಸದ್ದು. ಬಾಗಿಲು ಒಂದಿಷ್ಟು ತೆರೆದರೆ ಸಾಕು, ಅಂಗಡಿಗಳು ನುಗ್ಗುತ್ತವೆ ಎಂಬ ಭಯಕ್ಕೆ ಕಾರಣ ಪಕ್ಕದ ಮೈಸೂರಿನಲ್ಲೇ ಇದೆ. 1996ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಎಷ್ಟೋ ಬಡವರಿಗೆ, ನೌಕರಿಯಲ್ಲಿದ್ದವರಿಗೆ ಪದವಿ ಕೊಟ್ಟ ಸಂಸ್ಥೆ. ರಾಜ್ಯದ ಗಡಿಯಾಚೆಗೂ ಖಾಸಗಿ ಸಹಭಾಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಕೋರ್ಸುಗಳನ್ನು ಹಬ್ಬಿಸಿದ್ದರಿಂದ 2012-13ರ ನಂತರ ಅದು ಯುಜಿಸಿ ಮಾನ್ಯತೆ ಕಳೆದುಕೊಂಡಿತು, ಮತ್ತೆ ಪಡೆದದ್ದು 2018ರಲ್ಲಿ. ಆ ನಡುವಿನ ವರ್ಷಗಳಲ್ಲಿ ಓದಿದವರ ಗೋಳು ಹಳೇ ಮೈಸೂರಿನ ಮನೆಮನೆಗೂ ಗೊತ್ತು. ಈ ಪ್ರಕರಣದಿಂದ ಕಲಿಯಬೇಕಾದ್ದು ಸ್ಪಷ್ಟವಿದೆ: ಪ್ರಾಯೋಗಿಕ ಕಲಿಕೆಯನ್ನು ಹೊರಗುತ್ತಿಗೆಗೆ ಕೊಡಬಾರದು. ಸ್ವಂತ ಸಂಶೋಧನಾ ಕೇಂದ್ರ, ಸ್ವಂತ ಅಧ್ಯಾಪಕರು, ಸ್ವಂತ ಪ್ರಯೋಗಾಲಯ ಇರುವ ರಾಜ್ಯ ಕೃಷಿ ವಿಶ್ವವಿದ್ಯಾಲಯಕ್ಕೆ ಮಾತ್ರ, ಅದೂ ತನ್ನ ವ್ಯಾಪ್ತಿಯ ಜಿಲ್ಲೆಗಳಲ್ಲಿ ಮಾತ್ರ ಇದಕ್ಕೆ ಅನುಮತಿ ಇರಬೇಕು. ಬೇಸಾಯದ ಜಮೀನಿನ ಪಹಣಿ ಕುಟುಂಬದ ಹೆಸರಿನಲ್ಲಿರಬೇಕು, ಇಲ್ಲವೇ ಗುತ್ತಿಗೆಗೆ, ವಾರಕ್ಕೆ ಮಾಡುತ್ತಿರುವುದನ್ನು ಪಂಚಾಯಿತಿ ದೃಢಪಡಿಸಬೇಕು. ಈ ಎರಡನೆಯ ಅವಕಾಶ ಇಲ್ಲದಿದ್ದರೆ ಭೂಮಿ ಇಲ್ಲದ ಕೂಲಿಕಾರರ ಮಕ್ಕಳು ಇಲ್ಲಿಯೂ ಹೊರಗುಳಿಯುತ್ತಾರೆ.

ಕೃಷಿ ಕಾಲೇಜಿನ ವಿದ್ಯಾರ್ಥಿಗಳ ಆತಂಕವನ್ನೂ ಹಗುರವಾಗಿ ಕಾಣಬಾರದು. 2024ರಲ್ಲಿ ಲೋಕಸೇವಾ ಆಯೋಗ ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿಗಳ 945 ಹುದ್ದೆಗೆ ಅರ್ಜಿ ಕರೆಯಿತು. ಅದಕ್ಕಾಗಿ ವರ್ಷಗಟ್ಟಲೆ ಕಾದ ಪದವೀಧರರಿದ್ದರು. ಇನ್ನೊಂದು ಬಾಗಿಲಿನಿಂದ ಇನ್ನಷ್ಟು ಪದವೀಧರರು ಬಂದರೆ ತಮ್ಮ ಪದವಿಯ ಬೆಲೆ ಇಳಿಯುತ್ತದೆ ಎಂದು ಅವರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಪ್ರಶ್ನೆಪತ್ರಿಕೆ ಒಂದೇ ಆಗಿ, ಪ್ರಾಯೋಗಿಕ ಪರೀಕ್ಷೆ ಒಂದೇ ಆಗಿ, ಓದುವ ಅವಧಿ ಇನ್ನೂ ಎರಡು ವರ್ಷ ಹೆಚ್ಚಾಗಿರುವಾಗ ಇಳಿಯುವುದು ಪದವಿಯ ಮಟ್ಟವಂತೂ ಅಲ್ಲ. ಇನ್ನೊಂದು ಮಾತೂ ಇದೆ. ಆರು ವರ್ಷ ಜಮೀನು ಬಿಡದೆ ಓದಿದವರಲ್ಲಿ ಹೆಚ್ಚಿನವರು ಆಮೇಲೂ ಜಮೀನು ಬಿಡಲಾರರು. ಅವರಿಗೆ ಪದವಿ ಬೇಕಿರುವುದು ಬಹುಮಟ್ಟಿಗೆ ಊರಿನಲ್ಲೇ ಬದುಕು ಕಟ್ಟಿಕೊಳ್ಳಲು.

ಹಾಗಿದ್ದರೆ ಪದವಿಯೇ ಏಕೆ, ಒಂದು ಸರ್ಟಿಫಿಕೇಟ್ ಸಾಲದೇ ಎನ್ನುವವರು ಆಗಲೇ ಇರುವ ಕೋರ್ಸುಗಳತ್ತ ಬೆರಳು ತೋರಿಸುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ದೂರಶಿಕ್ಷಣ ಘಟಕ ರೈತರಿಗಾಗಿ ಕನ್ನಡದಲ್ಲೇ ಸರ್ಟಿಫಿಕೇಟ್ ಕೋರ್ಸು ನಡೆಸುತ್ತ ಬಂದಿದೆ. ಎಸ್ಸೆಸ್ಸೆಲ್ಸಿ ಆದವರಿಗೆ ಕನ್ನಡ ಮಾಧ್ಯಮದ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಗೊಬ್ಬರ, ಔಷಧಿ ಅಂಗಡಿಯವರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ ಡೇಸಿ ಡಿಪ್ಲೊಮಾ ಇದೆ. ವಾರಕ್ಕೊಂದು ದಿನ, ಅಂಗಡಿ ರಜೆಯ ದಿನ ತರಗತಿ, ಒಟ್ಟು 48 ವಾರಗಳಲ್ಲಿ 40 ಪಾಠ, 8 ಕ್ಷೇತ್ರ ಭೇಟಿ. ಈ ಕೊನೆಯದು ನನ್ನ ವಾದಕ್ಕೆ ಒಳ್ಳೆಯ ಆಧಾರ. ದುಡಿಮೆ ಬಿಡದೆ ಓದುವವರಿಗೆ ತಕ್ಕ ವೇಳಾಪಟ್ಟಿಯನ್ನು ಸರ್ಕಾರ ವ್ಯಾಪಾರಿಗಳಿಗಾಗಿ ಇಪ್ಪತ್ತು ವರ್ಷಗಳ ಹಿಂದೆಯೇ ಮಾಡಿದೆ. ಕೊಳ್ಳುವ ರೈತನಿಗೆ ಅಷ್ಟೂ ಇಲ್ಲದಿರುವುದು ಅನ್ಯಾಯ. ಕಾಗದದ ಬೆಲೆಯೂ ಸಣ್ಣದಲ್ಲ. 2002ರಿಂದ ನಡೆಯುತ್ತಿರುವ ಅಗ್ರಿ ಕ್ಲಿನಿಕ್ ಯೋಜನೆಯಲ್ಲಿ ಕೃಷಿ ವಿದ್ಯಾರ್ಹತೆ ಇದ್ದವರಿಗೆ ತರಬೇತಿ ಮತ್ತು ಸಾಲ ಸಿಗುತ್ತದೆ, ಸಾಮಾನ್ಯ ವರ್ಗಕ್ಕೆ ಶೇ 36, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 44 ಸಹಾಯಧನವಿದೆ. ಮಣ್ಣು ಪರೀಕ್ಷಾ ಕೇಂದ್ರ, ಯಂತ್ರ ಬಾಡಿಗೆ ಕೇಂದ್ರ, ಬೀಜೋತ್ಪಾದನೆ ಎಂದು ಮಳವಳ್ಳಿಯ ಹಳ್ಳಿಯಲ್ಲೇ ಏನಾದರೂ ಆರಂಭಿಸಬಯಸುವವಳಿಗೆ ಮೊದಲು ಕೇಳುವುದು ಆ ಅರ್ಹತೆಯನ್ನೇ.

ನೆರೆ ರಾಜ್ಯಗಳು ಈ ದಾರಿಯಲ್ಲಿ ನಡೆದು ನೋಡಿವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಮುಕ್ತ ಮತ್ತು ದೂರಶಿಕ್ಷಣದಲ್ಲಿ ರೈತರಿಗೆಂದೇ ತಮಿಳು ಮಾಧ್ಯಮದ ಬಿ.ಎಫ್.ಟೆಕ್. ಎಂಬ ಪದವಿ ಕೊಟ್ಟಿತು. ನಾಸಿಕ್‌ನ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ ಮರಾಠಿಯಲ್ಲಿ ಕೃಷಿ ಕೋರ್ಸುಗಳನ್ನು ಅಧ್ಯಯನ ಕೇಂದ್ರಗಳ ಮೂಲಕ ನಡೆಸಿತು. ಅಮೆರಿಕದ ಓರೆಗಾನ್ ರಾಜ್ಯ ವಿಶ್ವವಿದ್ಯಾಲಯ ಕೃಷಿ ವಿಜ್ಞಾನದ ಪದವಿಯನ್ನು ಆನ್‌ಲೈನಿನಲ್ಲಿ ಕಲಿಸುತ್ತದೆ. ಇವುಗಳನ್ನು ಹಾಗೆಯೇ ಎತ್ತಿ ತರಬೇಕೆಂದಲ್ಲ. ತಮಿಳಿನಲ್ಲಿ, ಮರಾಠಿಯಲ್ಲಿ ಕೃಷಿ ವಿಜ್ಞಾನವನ್ನು ಪದವಿ ಮಟ್ಟಕ್ಕೆ ಹೇಳಲು ಆಗಿದ್ದರೆ ಕನ್ನಡದಲ್ಲಿ ಆಗದು ಎನ್ನಲು ಕಾರಣವಿಲ್ಲ. ನಮ್ಮ ಕೃಷಿ ಪದವಿ ಇಂಗ್ಲಿಷಿನಲ್ಲಿದೆ, ಹಳ್ಳಿಯ ಕನ್ನಡ ಮಾಧ್ಯಮದ ಮಗುವಿಗೆ ಮೊದಲ ವರ್ಷದಲ್ಲಿ ಎದುರಾಗುವ ಬೆಟ್ಟ ಅದೇ.

ಹೆಣ್ಣುಮಕ್ಕಳ ವಿಷಯಕ್ಕೆ ಕೊನೆಗೆ ಬಂದೆನಾದರೂ ಅದು ಕೊನೆಯದೇನಲ್ಲ. ನಾಟಿ, ಕಳೆ, ಹುಳು ಮೇಯಿಸುವುದು, ಹಾಲು ಕರೆಯುವುದು ಈ ಜಿಲ್ಲೆಯಲ್ಲಿ ಯಾರ ಕೈಯಲ್ಲಿದೆ ಎಂಬುದನ್ನು ಹೇಳಬೇಕಿಲ್ಲ. ತರಬೇತಿಗೆ ಕರೆದಾಗ ಬರುವವರು ಮಾತ್ರ ಗಂಡಸರು, ಏಕೆಂದರೆ ಹೊರಡಲು ಬಿಡುವಿರುವುದು ಅವರಿಗೆ. ರಾತ್ರಿ ಊಟದ ನಂತರದ ಒಂದು ಗಂಟೆಯ ಪಾಠ, ವರ್ಷಕ್ಕೆ ಕೆಲವೇ ವಾರದ ಶಿಬಿರ ಎಂದರೆ ಲೆಕ್ಕ ಬದಲಾಗುತ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಅವರಿಗೆ ಉಚಿತವಾಗಿರುವುದರಿಂದ ಮಳವಳ್ಳಿಯಿಂದಲೋ ಮದ್ದೂರಿನಿಂದಲೋ ವಿ.ಸಿ. ಫಾರ್ಮ್‌ಗೆ ಬಂದು ಹೋಗುವ ಖರ್ಚಿನ ತಕರಾರೂ ಇಲ್ಲ. ಮನೆಯಲ್ಲಿ ಇರುವ ಒಂದೇ ಮೊಬೈಲು ಗಂಡನ ಜೇಬಿನಲ್ಲಿರುತ್ತದೆ ಎಂಬ ತಕರಾರು ಮಾತ್ರ ನಿಜವಾದದ್ದು. ಸೇರುವ ಪ್ರತಿ ವಿದ್ಯಾರ್ಥಿನಿಗೂ ವಿಶ್ವವಿದ್ಯಾಲಯವೇ ಒಂದು ಟ್ಯಾಬ್ ಕೊಡಬೇಕು.

ವಿ.ಸಿ. ಫಾರ್ಮ್‌ನಲ್ಲೇ ಹೊಸ ಕೃಷಿ ವಿಶ್ವವಿದ್ಯಾಲಯ ಮಾಡಲು ರಾಜ್ಯ ಸರ್ಕಾರ ಹೆಜ್ಜೆ ಇಟ್ಟಿದೆ. ಹೊಸ ಸಂಸ್ಥೆಗೆ ಕಟ್ಟಡ, ಹುದ್ದೆ, ಅನುದಾನದ ಚರ್ಚೆ ಇದ್ದೇ ಇರುತ್ತದೆ. ಅದರ ನಿಯಮಗಳು ಇನ್ನೂ ಹಸಿಯಾಗಿರುವಾಗಲೇ ಈ ಪದವಿಯ ಪ್ರಸ್ತಾವವನ್ನು ಸಿದ್ಧಪಡಿಸಿ ಕೃಷಿ ಸಂಶೋಧನಾ ಪರಿಷತ್ತಿಗೂ ಯುಜಿಸಿಗೂ ಕಳಿಸಬೇಕು. ನಿಷೇಧ ತೆಗೆಯಿರಿ ಎಂದು ಕೇಳುವ ಅಗತ್ಯವಿಲ್ಲ. ಪ್ರಾಯೋಗಿಕ ಕ್ರೆಡಿಟ್ ಪೂರ್ತಿಯಾಗಿ ವಿಶ್ವವಿದ್ಯಾಲಯದ ಕಣ್ಣೆದುರೇ ನಡೆಯುವುದಾದರೆ ಸಿದ್ಧಾಂತವನ್ನು ಆನ್‌ಲೈನಿನಲ್ಲಿ ಕಲಿಸಲು ರಾಜ್ಯ ಕೃಷಿ ವಿಶ್ವವಿದ್ಯಾಲಯಗಳಿಗೆ ವಿನಾಯಿತಿ ಕೊಡಿ ಎಂದು ಕೇಳಿದರೆ ಸಾಕು. ಮೊದಲಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೇ ತಾಲ್ಲೂಕು, ಒಂದೇ ತಂಡ. ಆರು ವರ್ಷ ಕಳೆದ ಮೇಲೆ ಅವರ ಅಂಕಪಟ್ಟಿಯನ್ನು ಕಾಲೇಜಿನ ತಂಡದ ಅಂಕಪಟ್ಟಿಯ ಪಕ್ಕದಲ್ಲಿಟ್ಟು ನೋಡೋಣ, ಸರಿಹೋಗದಿದ್ದರೆ ನಿಲ್ಲಿಸೋಣ. ಅಲ್ಲಿಯವರೆಗೆ ಜಾಹೀರಾತು ನೋಡಿ ದುಡ್ಡು ಕಟ್ಟಲು ಹೊರಟವರು ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ವಿ.ಸಿ. ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ಆ ಪದವಿಗೆ ಮಾನ್ಯತೆ ಇದೆಯೇ ಎಂದು ಕೇಳಲಿ. ಹಾಗೆ ಕೇಳಲು ಎಷ್ಟು ಜನ ಬಂದರು, ಯಾವ ಊರಿನಿಂದ ಬಂದರು ಎಂಬುದನ್ನು ಅಲ್ಲಿಯವರು ಬರೆದಿಟ್ಟುಕೊಂಡರೆ ಪ್ರಸ್ತಾವದ ಜೊತೆ ಲಗತ್ತಿಸಲು ಅದೇ ಸಾಕಷ್ಟು ದೊಡ್ಡ ಪಟ್ಟಿಯಾಗುತ್ತದೆ.